ಇಂಗ್ಲಿಷ್ ನುಡಿಗಟ್ಟುಗಳು ಮತ್ತು ಕನ್ನಡ ಕಲಿಕಾರ್ಥಿ: ಬೇತಮಂಗಲ ಹಾಗೂ ಚಿನ್ನದ ಗಣಿ ಪರಿಸರದ ಹಿನ್ನೆಲೆಯಲ್ಲಿ ಒಂದು ವಿವೇಚನೆ

1. ಪೀಠಿಕೆ

ಭಾಷೆಯೊಂದರ ವ್ಯಾಕರಣವನ್ನೂ ಪದಸಂಪತ್ತನ್ನೂ ಬಲ್ಲವರು ಆ ಭಾಷೆಯ ಮಾತನ್ನು ಪೂರ್ಣವಾಗಿ ಗ್ರಹಿಸಬಲ್ಲರೆಂದು ಹೇಳಲಾಗದು. ವಾಕ್ಯದ ಪ್ರತಿಯೊಂದು ಪದವೂ ಪರಿಚಿತವಾಗಿದ್ದು ಒಟ್ಟು ಅರ್ಥ ಮಾತ್ರ ಕೈಗೆ ಸಿಗದಿರುವ ಸಂದರ್ಭಗಳು ಎಲ್ಲ ಭಾಷೆಗಳಲ್ಲಿಯೂ ಉಂಟು. ಇಂಥ ಸಂದರ್ಭಗಳಿಗೆ ಮುಖ್ಯ ಕಾರಣ ನುಡಿಗಟ್ಟುಗಳು. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷನ್ನು ಎರಡನೆಯ ಅಥವಾ ಮೂರನೆಯ ಭಾಷೆಯಾಗಿ ಕಲಿಯುವ ವಿದ್ಯಾರ್ಥಿಗೆ ಈ ತೊಡಕು ಹೆಚ್ಚು. ಶಾಲೆಯಲ್ಲಿ ಆತನಿಗೆ ದೊರೆಯುವುದು ಸಾಮಾನ್ಯವಾಗಿ ಎರಡು ಸಾಲಿನ ಪಟ್ಟಿ: ಎಡಗಡೆ ನುಡಿಗಟ್ಟು, ಬಲಗಡೆ ಅರ್ಥ. ಪರೀಕ್ಷೆಗೆ ಈ ಪಟ್ಟಿ ಸಾಕಾಗಬಹುದು. ಸಂದರ್ಶನದ ಕೊಠಡಿಗೆ, ಕಾರ್ಖಾನೆಯ ಕಚೇರಿಗೆ, ಪತ್ರವ್ಯವಹಾರಕ್ಕೆ ಸಾಲದು.

ಕೋಲಾರ ಜಿಲ್ಲೆಯ ಬೇತಮಂಗಲ ಈ ಸಮಸ್ಯೆಯನ್ನು ಪರಿಶೀಲಿಸಲು ತಕ್ಕ ನೆಲೆಯಾಗಿದೆ. ಶಾಸನಗಳಲ್ಲಿ ವಿಜಯಾದಿತ್ಯಮಂಗಲವೆಂದು ಉಲ್ಲೇಖಿತವಾದ ಈ ಊರು ಪಾಲಾರ್ ನದಿಯ ಪಾತ್ರದಲ್ಲಿರುವ ದೊಡ್ಡ ಕೆರೆಯಿಂದ ಪ್ರಸಿದ್ಧ. ಹಿಂದೆ ಬಂಗಾರಪೇಟೆ ತಾಲ್ಲೂಕಿಗೆ ಸೇರಿದ್ದ ಊರು ಈಗ ಕೆ.ಜಿ.ಎಫ್. ತಾಲ್ಲೂಕಿನಲ್ಲಿದೆ. ಕೋಲಾರ ಚಿನ್ನದ ಗಣಿಗಳ ವಸತಿ ಪ್ರದೇಶಕ್ಕೆ ಕುಡಿಯುವ ನೀರು ಹೋದದ್ದು ಈ ಕೆರೆಯಿಂದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗಳ ಆಡಳಿತಕ್ಕೆ ಬಂದ ಮೇಲೆ ಉರಿಗಾಂ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂಗಳಲ್ಲಿ ಇಂಗ್ಲಿಷ್ ಅಧಿಕಾರಿಗಳ ಬಂಗಲೆಗಳು, ಕ್ಲಬ್ಬುಗಳು ಎದ್ದವು. ಆ ಪ್ರದೇಶಕ್ಕೆ 'ಲಿಟ್ಲ್ ಇಂಗ್ಲೆಂಡ್' ಎಂಬ ಅಡ್ಡಹೆಸರೂ ಬಂದಿತು. ಹೀಗೆ ಕನ್ನಡ, ತೆಲುಗು, ತಮಿಳು, ಉರ್ದು ಭಾಷೆಗಳು ಸಹಜವಾಗಿ ಬೆರೆಯುವ ಈ ಗಡಿನಾಡಿನಲ್ಲಿ ಇಂಗ್ಲಿಷ್ ಪಠ್ಯಪುಸ್ತಕದ ಭಾಷೆಯಾಗಿ ಮಾತ್ರವಲ್ಲದೆ ಮೇಲಧಿಕಾರಿಯ ಆಜ್ಞೆಯ ಭಾಷೆಯಾಗಿಯೂ ಪರಿಚಿತವಾಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ತರುವಾಯ ಈ ಭಾಗದ ಬಹುಸಂಖ್ಯೆಯ ಜನ ಉದ್ಯೋಗಕ್ಕಾಗಿ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವಂತಾಯಿತು. ಹಿಂದಿನ ತಲೆಮಾರಿಗೆ ಗಣಿಯ ಕೆಲಸಕ್ಕೆ ತೋಳ್ಬಲ ಬೇಕಾಗಿತ್ತು. ಈಗಿನ ತಲೆಮಾರಿನ ಅನೇಕ ಉದ್ಯೋಗಗಳಿಗೆ ಇಂಗ್ಲಿಷ್ ಮಾತು ಬೇಕು. ಆದುದರಿಂದ ನುಡಿಗಟ್ಟಿನ ಕಲಿಕೆ ಇಲ್ಲಿ ಅಲಂಕಾರದ ವಿಷಯವಲ್ಲ, ಜೀವನೋಪಾಯದ ವಿಷಯ.

ನುಡಿಗಟ್ಟು ಒಂದು ಜನಸಮುದಾಯದ ಕಸುಬು ಮತ್ತು ಪರಿಸರದ ನೆನಪನ್ನು ಒಳಗೊಂಡಿರುತ್ತದೆ. ಅದು ಯಾವ ಬದುಕಿನ ಚಿತ್ರವೆಂಬುದನ್ನು ಗುರುತಿಸಿ, ಕನ್ನಡದಲ್ಲಿ ಅದೇ ಕೆಲಸ ಮಾಡುವ ಮಾತನ್ನು ಪಕ್ಕಕ್ಕಿಟ್ಟು ನೋಡಿದಾಗಲೇ ಅದು ವಿದ್ಯಾರ್ಥಿಯ ಸ್ವತ್ತಾಗುತ್ತದೆ ಎಂಬುದನ್ನು ಉದಾಹರಣೆಗಳ ಮೂಲಕ ಸ್ಥಾಪಿಸುವುದು ಈ ಬರಹದ ಉದ್ದೇಶ.

2. ನುಡಿಗಟ್ಟಿನ ಸ್ವರೂಪ

ಕನ್ನಡದಲ್ಲಿ ನುಡಿಗಟ್ಟು, ಪಡೆನುಡಿ ಎಂಬ ಎರಡು ಹೆಸರುಗಳು ಬಳಕೆಯಲ್ಲಿವೆ. ಬಿಡಿಪದಗಳ ಅರ್ಥವನ್ನು ಕೂಡಿಸಿದರೆ ದೊರೆಯದ ವಿಶೇಷಾರ್ಥವನ್ನು ಪಡೆದ ಪದಸಮೂಹವೇ ನುಡಿಗಟ್ಟು. 'ಹೊಟ್ಟೆಗೆ ಹಾಕಿಕೊಳ್ಳು' ಎಂದರೆ ಕ್ಷಮಿಸು. 'ತಲೆ ತಿನ್ನು' ಎಂದರೆ ಪೀಡಿಸು. 'ಎತ್ತಿದ ಕೈ' ಎಂದರೆ ನಿಪುಣ. ಹೊಟ್ಟೆ, ತಲೆ, ಕೈ ಎಂಬ ಪದಗಳನ್ನು ನಿಘಂಟಿನಲ್ಲಿ ಹುಡುಕಿದ ಪರಭಾಷಿಕನಿಗೆ ಈ ಅರ್ಥಗಳು ತಾವಾಗಿ ಹೊಳೆಯಲಾರವು. ಗಾದೆ ಪೂರ್ಣ ವಾಕ್ಯವಾಗಿ ನಿಂತು ಒಂದು ಅನುಭವವನ್ನು ಸಾರುತ್ತದೆ. ನುಡಿಗಟ್ಟು ವಾಕ್ಯದ ಒಂದು ಅಂಗವಾಗಿ ಬಂದು ಕಾಲ, ಲಿಂಗ, ವಚನಗಳಿಗೆ ತಕ್ಕಂತೆ ರೂಪ ಪಡೆಯುತ್ತದೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರಕಟಿಸಿದ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಪದಗಳೊಂದಿಗೆ ಗಾದೆಗಳನ್ನೂ ವಿಶೇಷ ಪ್ರಯೋಗಗಳನ್ನೂ ಹೇರಳವಾಗಿ ದಾಖಲಿಸಿರುವುದು ಪದದ ಬಾಳು ಬಳಕೆಯಲ್ಲಿದೆ ಎಂಬ ತಿಳಿವಳಿಕೆಯ ಫಲ.

ನುಡಿಗಟ್ಟಿನ ಇನ್ನೊಂದು ಲಕ್ಷಣ ಸ್ಥಿರತೆ. ಸಾವನ್ನು ಸೂಚಿಸುವ 'ಕಿಕ್ ದ ಬಕೆಟ್' ಎಂಬಲ್ಲಿ ಬಕೆಟ್ಟಿನ ಬದಲು ಬೇರೆ ಪಾತ್ರೆಯನ್ನು ಇಡುವಂತಿಲ್ಲ. ಕರ್ಮಣಿ ಪ್ರಯೋಗಕ್ಕೆ ತಿರುಗಿಸಿದರೆ ವಿಶೇಷಾರ್ಥ ಹೋಗಿ ಬಕೆಟ್ಟನ್ನು ಒದ್ದ ಸಂಗತಿಯಷ್ಟೇ ಉಳಿಯುತ್ತದೆ. ಆದರೆ ಗುಟ್ಟು ಬಿಟ್ಟುಕೊಡುವುದನ್ನು ಹೇಳುವ 'ಸ್ಪಿಲ್ ದ ಬೀನ್ಸ್' ಕರ್ಮಣಿಯಲ್ಲಿಯೂ ನಿಲ್ಲುತ್ತದೆ. ಯಾವುದು ಎಷ್ಟು ಬಾಗುತ್ತದೆ ಎಂಬುದು ಬಳಕೆಯಿಂದ ತಿಳಿಯಬೇಕಾದುದೇ ಹೊರತು ನಿಯಮದಿಂದಲ್ಲ.

3. ಚಿನ್ನ ಮತ್ತು ಗಣಿಯ ನುಡಿಗಟ್ಟುಗಳು

ಇಂಗ್ಲಿಷಿನ ಹಲವು ನುಡಿಗಟ್ಟುಗಳು ಗಣಿ ಮತ್ತು ಚಿನ್ನದ ವ್ಯವಹಾರದಿಂದ ಹುಟ್ಟಿದವು. ಬೇತಮಂಗಲ ಪರಿಸರದ ವಿದ್ಯಾರ್ಥಿಗೆ ಇವುಗಳ ಹಿಂದಿನ ಚಿತ್ರ ಮನೆಯ ಹಿರಿಯರ ಮಾತಿನಿಂದಲೇ ಪರಿಚಿತವಾಗಿರುವುದು ಸಾಧ್ಯ. ಈ ಅನುಕೂಲವನ್ನು ಪಾಠಕ್ರಮ ಬಳಸಿಕೊಳ್ಳಬೇಕು.

'ಪ್ಯಾನ್ ಔಟ್' ಎಂದರೆ ಕೈಗೂಡು, ಫಲಿಸು. 19ನೆಯ ಶತಮಾನದ ಅಮೆರಿಕದಲ್ಲಿ ಹೊಳೆಯ ಮರಳನ್ನು ಅಗಲವಾದ ತಟ್ಟೆಯಲ್ಲಿ ತೊಳೆದು ತಳದಲ್ಲಿ ಉಳಿಯುವ ಚಿನ್ನದ ಕಣವನ್ನು ಆರಿಸುತ್ತಿದ್ದರು. ತೊಳೆದ ಮೇಲೆ ಚಿನ್ನ ಕಂಡರೆ ಕೆಲಸ ಫಲಿಸಿದಂತೆ. ಈ ಚಿತ್ರ ಕೋಲಾರ ಸೀಮೆಗೆ ಹೊಸತಲ್ಲ. 1802ರಲ್ಲಿ ಮೈಸೂರಿನ ಗಡಿ ಮೋಜಣಿಗೆ ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರನ್, ಉರಿಗಾಂ ಮತ್ತು ಮಾರಿಕುಪ್ಪಂ ಸುತ್ತಿನ ಹಳ್ಳಿಗರು ಮಣ್ಣನ್ನು ತೊಳೆದು ಚಿನ್ನದ ಪುಡಿಯನ್ನು ಬೇರ್ಪಡಿಸುತ್ತಿದ್ದುದನ್ನು ಕಂಡು ದಾಖಲಿಸಿದನು. ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಇದೇ ಕಸುಬು ಮಾಡುತ್ತಿದ್ದವರು ಜಲಗಾರರು. ಹೀಗಿರುವಾಗ ಈ ನುಡಿಗಟ್ಟನ್ನು ಕ್ಯಾಲಿಫೋರ್ನಿಯಾದ ಕಥೆಯಾಗಿ ಹೇಳುವುದಕ್ಕಿಂತ ಉರಿಗಾಂನ ಕಥೆಯಾಗಿ ಹೇಳಿದರೆ ಅರ್ಥ ಬೇಗ ಮನಸ್ಸಿಗಿಳಿಯುತ್ತದೆ.

ಆದರೆ ಚಿತ್ರವನ್ನು ಊಹಿಸುವಾಗ ಎಚ್ಚರ ಅಗತ್ಯ. ಕ್ಷಣಕಾಲ ಮಿಂಚಿ ಮರೆಯಾಗುವ ಯಶಸ್ಸನ್ನು ಹೇಳುವ 'ಫ್ಲ್ಯಾಶ್ ಇನ್ ದ ಪ್ಯಾನ್' ಎಂಬಲ್ಲಿಯೂ 'ಪ್ಯಾನ್' ಇದೆ. ಚಿನ್ನ ತೊಳೆಯುವ ತಟ್ಟೆಯಲ್ಲಿ ಕಂಡ ಹೊಳಪೆಂದು ಇದನ್ನು ವಿವರಿಸುವುದುಂಟು, ಅದು ಸರಿಯಲ್ಲ. ಹಳೆಯ ಕಾಲದ ಚಕಮಕಿ ಬಂದೂಕಿನಲ್ಲಿ ಕಿಡಿಮದ್ದನ್ನು ಇಡುವ ಸಣ್ಣ ಬಟ್ಟಲಿಗೂ ಇದೇ ಹೆಸರು. ಆ ಮದ್ದು ಭಗ್ಗೆಂದು ಹೊತ್ತಿ, ನಳಿಗೆಯೊಳಗಿನ ಮದ್ದಿಗೆ ಬೆಂಕಿ ತಗುಲದೆ ಗುಂಡು ಹಾರದೆ ಹೋದರೆ ಅದು 'ಫ್ಲ್ಯಾಶ್ ಇನ್ ದ ಪ್ಯಾನ್'. ಒಂದೇ ಪದವಿದ್ದ ಮಾತ್ರಕ್ಕೆ ಒಂದೇ ಮೂಲವೆಂದು ನಿರ್ಣಯಿಸಲಾಗದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

'ಆ್ಯಸಿಡ್ ಟೆಸ್ಟ್' ಎಂದರೆ ನಿರ್ಣಾಯಕ ಪರೀಕ್ಷೆ. ಚಿನ್ನವೆಂದು ತೋರುವ ಲೋಹಕ್ಕೆ ನೈಟ್ರಿಕ್ ಆಮ್ಲವನ್ನು ತಾಗಿಸಿದರೆ ಕೀಳು ಲೋಹ ಕರಗಿ ಬಣ್ಣಗೆಡುತ್ತದೆ, ಚಿನ್ನ ಕೆಡದೆ ಉಳಿಯುತ್ತದೆ. ಕನ್ನಡ ಪತ್ರಿಕೆಗಳು ಇದಕ್ಕೆ ಸಾಮಾನ್ಯವಾಗಿ 'ಅಗ್ನಿಪರೀಕ್ಷೆ' ಎಂಬ ಮಾತನ್ನು ಬಳಸುತ್ತವೆ. ಅಗ್ನಿಪರೀಕ್ಷೆಯೆಂದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ರಾಮಾಯಣದ ಸೀತೆ. ನಿರಪರಾಧಿ ಅನುಭವಿಸುವ ಸಂಕಟದ ಧ್ವನಿ ಆ ಮಾತಿನಲ್ಲಿದೆ. ಒಂದು ಯೋಜನೆಯ ಅಥವಾ ಯಂತ್ರದ ಗುಣ ನಿರ್ಣಯವನ್ನಷ್ಟೇ ಹೇಳುವಲ್ಲಿ ಅಕ್ಕಸಾಲಿಗನ ಕಸುಬಿನಿಂದ ಬಂದ 'ಒರೆಗೆ ಹಚ್ಚು' ಎಂಬುದು ಹೆಚ್ಚು ಹತ್ತಿರದ ಮಾತು. ಇಂಗ್ಲಿಷಿನ 'ಟಚ್‌ಸ್ಟೋನ್' ಮತ್ತು ಕನ್ನಡದ 'ಒರೆಗಲ್ಲು' ವಸ್ತುವಿನಲ್ಲಿಯೂ ರೂಪಕದಲ್ಲಿಯೂ ಒಂದೇ.

ಚಿನ್ನದ ಹೋಲಿಕೆ ಎರಡೂ ಭಾಷೆಗಳಲ್ಲಿ ಇದ್ದರೂ ಹೊಗಳಿಕೆಯ ಗುರಿ ಬೇರೆಯಾಗಬಹುದು. 'ವರ್ತ್ ಒನ್ಸ್ ವೇಟ್ ಇನ್ ಗೋಲ್ಡ್' ಎಂಬುದು ವ್ಯಕ್ತಿಯ ಉಪಯುಕ್ತತೆಯನ್ನು ಹೇಳುತ್ತದೆ. 'ಹಾರ್ಟ್ ಆಫ್ ಗೋಲ್ಡ್' ಎಂಬುದು ದಯಾಗುಣವನ್ನು ಸೂಚಿಸುತ್ತದೆ. 'ಆ್ಯಸ್ ಗುಡ್ ಆ್ಯಸ್ ಗೋಲ್ಡ್' ಎಂಬುದು ಹಟ ಮಾಡದ ಮಗುವಿಗೆ ಸಲ್ಲುವ ಮಾತು. ಕನ್ನಡದ 'ಚಿನ್ನದಂಥ ಮನುಷ್ಯ' ಎಂಬುದು ಮುಖ್ಯವಾಗಿ ಸಜ್ಜನಿಕೆಯನ್ನು ಸೂಚಿಸುತ್ತದೆ. ಕೆಲಸದಲ್ಲಿ ಚುರುಕಾದ ಗುಮಾಸ್ತನನ್ನು ಹೊಗಳುವಾಗ ಮೊದಲನೆಯದು ಸಲ್ಲುತ್ತದೆ, ಎರಡನೆಯದು ಸಲ್ಲದು.

ಈ ಪ್ರದೇಶದ ವಿದ್ಯಾರ್ಥಿ ವಿಶೇಷವಾಗಿ ತಿಳಿದಿರಬೇಕಾದ ಮಾತು 'ಗೋಲ್ಡ್ ಡಿಗರ್'. ಪದಶಃ ನೋಡಿದರೆ ಚಿನ್ನ ಅಗೆಯುವವನು. 19ನೆಯ ಶತಮಾನದಲ್ಲಿ ಈ ಅರ್ಥವೇ ಮುಖ್ಯವಾಗಿತ್ತು. 20ನೆಯ ಶತಮಾನದ ಆರಂಭದಿಂದ ಅಮೆರಿಕದ ಬಳಕೆಯಲ್ಲಿ ಹಣಕ್ಕಾಗಿ ಪ್ರೀತಿಯನ್ನು ನಟಿಸುವ ವ್ಯಕ್ತಿ, ವಿಶೇಷವಾಗಿ ಹೆಂಗಸು, ಎಂಬ ನಿಂದೆಯ ಅರ್ಥ ಬಂದು ನೆಲೆಯೂರಿತು. ತನ್ನ ತಾತ ಮೂವತ್ತು ವರ್ಷ ಗಣಿಯಲ್ಲಿ ದುಡಿದನೆಂದು ಹೆಮ್ಮೆಯಿಂದ ಹೇಳಹೊರಟ ಅಭ್ಯರ್ಥಿಯೊಬ್ಬ ಸಂದರ್ಶನದಲ್ಲಿ ಈ ಪದವನ್ನು ಬಳಸಿದನೆನ್ನೋಣ. ವ್ಯಾಕರಣದಲ್ಲಿ ತಪ್ಪಿಲ್ಲ, ಪದಗಳ ಆಯ್ಕೆಯಲ್ಲಿ ತರ್ಕವೂ ಇದೆ. ಆದರೂ ಕೇಳುವವರ ಮುಖದಲ್ಲಿ ನಗೆ ಮೂಡುತ್ತದೆ, ಹೇಳುವವನಿಗೆ ಕಾರಣ ತಿಳಿಯುವುದಿಲ್ಲ. ಸುಮಾರು 3 ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ತೀವ್ರ ಶಾಖದಲ್ಲಿ, ಬಂಡೆ ಸಿಡಿಯುವ ಅಪಾಯದ ನಡುವೆ ದುಡಿದವರ ಬದುಕು ಒಂದು ನುಡಿಗಟ್ಟಿನ ಅಜ್ಞಾನದಿಂದ ಹಾಸ್ಯವಾಗಬಾರದು. 'ಗೋಲ್ಡ್ ಮೈನರ್' ಎಂಬುದು ಇಲ್ಲಿ ಸರಿಯಾದ ಪದ.

ಎಲ್ಲ ಗಣಿಯ ನುಡಿಗಟ್ಟುಗಳೂ ಎಲ್ಲ ಗಣಿಗಳಿಗೂ ಹೊಂದುವುದಿಲ್ಲವೆಂಬುದೂ ಗಮನಾರ್ಹ. ಮುಂಬರುವ ಅಪಾಯದ ಸೂಚನೆಗೆ 'ಕನೇರಿ ಇನ್ ದ ಕೋಲ್ ಮೈನ್' ಎನ್ನುತ್ತಾರೆ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ವಿಷಾನಿಲವನ್ನು ಪತ್ತೆ ಮಾಡಲು ಕನೇರಿ ಹಕ್ಕಿಗಳನ್ನು ಒಯ್ಯುವ ಪದ್ಧತಿ 1986ರವರೆಗೂ ಇತ್ತು. ಹಾಗೆಯೇ ಕಷ್ಟದ ಕೊನೆಯಲ್ಲಿ ಕಾಣುವ ಭರವಸೆಗೆ 'ಲೈಟ್ ಅಟ್ ದಿ ಎಂಡ್ ಆಫ್ ದ ಟನಲ್' ಎಂಬ ಮಾತಿದೆ. ಇದು ಎರಡೂ ಕಡೆ ಬಾಯಿರುವ ರೈಲ್ವೆ ಸುರಂಗದಂಥ ದಾರಿಯ ಚಿತ್ರ. ಆಳದ ಗಣಿಯಲ್ಲಿ ಚಿನ್ನದ ಅದಿರನ್ನು ಅರಸಿ ಕೊರೆದ ಸುರಂಗದ ತುದಿಯಲ್ಲಿ ಇರುವುದು ಬೆಳಕಲ್ಲ, ಬಂಡೆ. ಗಣಿ ಕಾರ್ಮಿಕರ ಮನೆಯ ಮಗುವಿಗೆ ಈ ಮಾತು ಮೊದಲಿಗೆ ವಿಚಿತ್ರವಾಗಿ ತೋರಿದರೆ ಅದು ದಡ್ಡತನವಲ್ಲ, ಅನುಭವ.

4. ಕಡಲಿನ ಮಾತು ಮತ್ತು ಕೆರೆಯ ಮಾತು

ಗಣಿಯ ನುಡಿಗಟ್ಟುಗಳಿಗೆ ಈ ನೆಲದಲ್ಲಿ ಆಸರೆಯಿದ್ದರೆ ಕಡಲಿನ ನುಡಿಗಟ್ಟುಗಳಿಗೆ ಇಲ್ಲ. ಇಂಗ್ಲಿಷ್ ನಾಡು ದ್ವೀಪ. ಹಡಗು ಅದರ ವ್ಯಾಪಾರ ಮತ್ತು ಯುದ್ಧಗಳ ಮುಖ್ಯ ಸಾಧನ. ಅದರಿಂದ ಬಂದ ನುಡಿಗಟ್ಟುಗಳು ನಿತ್ಯದ ಮಾತಿನಲ್ಲಿ ತುಂಬಿವೆ. 'ಆಲ್ ಅಟ್ ಸೀ' ಎಂದರೆ ದಿಕ್ಕು ತೋಚದ ಸ್ಥಿತಿ. 'ಲರ್ನ್ ದ ರೋಪ್ಸ್' ಎಂದರೆ ಹೊಸ ಕೆಲಸದ ಒಳಹೊರಗನ್ನು ತಿಳಿ. ಹಾಯಿಹಡಗಿನ ಹಗ್ಗಗಳನ್ನು ಗುರುತಿಸಲು ಕಲಿಯುವುದು ಇದರ ಹಿಂದಿನ ಚಿತ್ರ. 'ಪ್ಲೇನ್ ಸೇಲಿಂಗ್' ಎಂದರೆ ಅಡೆತಡೆಯಿಲ್ಲದ ಕಾರ್ಯ. ಇವುಗಳಿಗೆ ಬಯಲುಸೀಮೆಯ ಕನ್ನಡದಲ್ಲಿ ಕಡಲಿನ ಮಾತುಗಳನ್ನು ಹುಡುಕಬೇಕಾಗಿಲ್ಲ. ಕೆಲಸ ಕಲಿಯುವುದಕ್ಕೆ ಗರಡಿಯಿಂದ ಬಂದ 'ಪಟ್ಟುಗಳನ್ನು ಕಲಿ' ಎಂಬ ಮಾತಿದೆ. ಸುಲಭವೆನ್ನಲು 'ಹೂವೆತ್ತಿದಷ್ಟು ಹಗುರ' ಎಂಬುದಿದೆ. ಎರಡು ಕಷ್ಟಗಳ ನಡುವೆ ಸಿಕ್ಕಿದುದನ್ನು ಇಂಗ್ಲಿಷ್ ದೆವ್ವ ಮತ್ತು ಆಳ ಸಮುದ್ರಗಳ ನಡುವೆ ಇರಿಸಿದರೆ, ಕನ್ನಡ 'ಅತ್ತ ದರಿ ಇತ್ತ ಹುಲಿ' ಎನ್ನುತ್ತದೆ. ಅಗತ್ಯಕ್ಕೆ ಹೋಲಿಸಿದರೆ ಅತ್ಯಲ್ಪವಾದುದನ್ನು ಇಂಗ್ಲಿಷ್ 'ಎ ಡ್ರಾಪ್ ಇನ್ ದಿ ಓಷನ್' ಎಂದರೆ, ಕನ್ನಡ 'ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ' ಎನ್ನುತ್ತದೆ. ಮಜ್ಜಿಗೆಯ ಮಾತಿನಲ್ಲಿ ಇರುವ ವಿನೋದ ಹನಿಯ ಮಾತಿನಲ್ಲಿ ಇಲ್ಲವೆಂಬುದನ್ನು ಗಮನಿಸಬೇಕು.

ಬೇತಮಂಗಲದ ಬದುಕಿನ ಕೇಂದ್ರ ಕೆರೆ. ಕಟ್ಟೆ, ತೂಬು, ಕೋಡಿ ಎಂಬ ಕೆರೆಯ ಅಂಗಗಳೇ ಕನ್ನಡದಲ್ಲಿ ಭಾವ ಮತ್ತು ವ್ಯವಹಾರಗಳನ್ನು ಹೇಳುವ ಮಾತುಗಳಾಗಿವೆ. 'ದುಃಖದ ಕಟ್ಟೆಯೊಡೆಯಿತು' ಎಂಬಲ್ಲಿ ತಡೆ ಮೀರಿದ ಹರಿವಿದೆ; 'ಕೋಡಿ ಹರಿಯಿತು' ಎಂಬಲ್ಲಿ ಸಮೃದ್ಧಿಯಿದೆ. ಇಂಗ್ಲಿಷಿನ 'ಓಪನ್ ದ ಫ್ಲಡ್‌ಗೇಟ್ಸ್' ಎಂಬುದು ತಡೆಹಿಡಿದುದೆಲ್ಲ ಒಮ್ಮೆಲೇ ನುಗ್ಗುವಂತೆ ಮಾಡು ಎಂಬ ಅರ್ಥದ್ದು. ಬಾಗಿಲೆಂಬ ಪದವನ್ನು ನೋಡಿ ಇದಕ್ಕೆ 'ತೂಬು ತೆರೆ' ಎಂದರೆ ಹೊಂದದು. ತೂಬು ತೆರೆಯುವುದು ಅಳತೆಯರಿತ ಕೆಲಸ. 'ಕಟ್ಟೆಯೊಡೆ' ಎಂಬುದೇ ಇದರ ಜೊತೆಗಾರ. ಇಂಥ ಸೂಕ್ಷ್ಮ ಕೆರೆಯ ಕೆಳಗಿನ ರೈತನ ಮಕ್ಕಳಿಗೆ ಸಹಜವಾಗಿ ತಿಳಿದಿರುತ್ತದೆ. ಇಂಗ್ಲಿಷ್ ಪಾಠದಲ್ಲಿ ಅದಕ್ಕೆ ಪ್ರವೇಶ ಕೊಡುವುದಷ್ಟೇ ಉಳಿದಿರುವ ಕೆಲಸ.

5. ಸಮಾನತೆಯ ನಾಲ್ಕು ಬಗೆಗಳು

ನಿತ್ಯದ ಬಳಕೆಯ ಇಂಗ್ಲಿಷ್ ನುಡಿಗಟ್ಟುಗಳನ್ನು ಕನ್ನಡದ ಎದುರಿಗಿಟ್ಟು ನೋಡಿದಾಗ ಅವು ನಾಲ್ಕು ವರ್ಗಗಳಾಗಿ ಬೀಳುತ್ತವೆ.

ಅ) ಚಿತ್ರವೂ ಅರ್ಥವೂ ಒಂದೇ ಆಗಿರುವವು: ಅನ್ಯರ ವಿಷಯದಲ್ಲಿ 'ಮೂಗು ತೂರಿಸು', 'ಗಾಳಿಗೋಪುರ ಕಟ್ಟು', 'ಒಂದೇ ಕಲ್ಲಿಗೆ ಎರಡು ಹಕ್ಕಿ', 'ಕಣ್ಣು ಮಿಟುಕಿಸುವಷ್ಟರಲ್ಲಿ'. ಇವುಗಳ ಇಂಗ್ಲಿಷ್ ರೂಪಗಳಲ್ಲಿಯೂ ಮೂಗು, ಗಾಳಿಯ ಕಟ್ಟಡ, ಕಲ್ಲು ಮತ್ತು ಹಕ್ಕಿ, ಕಣ್ಣು ಇವೆ. ಕಲಿಕೆಯನ್ನು ಇವುಗಳಿಂದ ಆರಂಭಿಸುವುದು ಯುಕ್ತ; ವಿದ್ಯಾರ್ಥಿಗೆ ಧೈರ್ಯ ಬರುತ್ತದೆ.

ಆ) ಚಿತ್ರ ಬೇರೆಯಾಗಿ ಅರ್ಥ ಒಂದೇ ಆಗಿರುವವು: 'ಎ ಪೀಸ್ ಆಫ್ ಕೇಕ್' ಎಂಬುದಕ್ಕೆ 'ನೀರು ಕುಡಿದಷ್ಟು ಸುಲಭ', 'ಒನ್ಸ್ ಇನ್ ಎ ಬ್ಲೂ ಮೂನ್' ಎಂಬುದಕ್ಕೆ 'ಅತ್ತಿಯ ಹೂವು ಕಂಡಂತೆ', ಹಂದಿಯ ಮುಂದೆ ಮುತ್ತು ಚೆಲ್ಲುವ ಇಂಗ್ಲಿಷ್ ಮಾತಿಗೆ 'ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ'. ಬೆಂಕಿಗೆ ಇಂಗ್ಲಿಷ್ ಉರುವಲು ಹಾಕುತ್ತದೆ, ಕನ್ನಡ ತುಪ್ಪ ಸುರಿಯುತ್ತದೆ. ಕಂಠಪಾಠ ಮಾಡುವುದನ್ನು ಇಂಗ್ಲಿಷ್ ಹೃದಯಕ್ಕೆ ಸೇರಿಸಿ 'ಲರ್ನ್ ಬೈ ಹಾರ್ಟ್' ಎಂದರೆ, ಕನ್ನಡ ಅದನ್ನು ಬಾಯಿಗೂ ಕಂಠಕ್ಕೂ ಸೇರಿಸುತ್ತದೆ.

ಇ) ಪದಗಳು ಒಂದೇ ಎಂದು ತೋರಿ ಅರ್ಥ ಬೇರೆಯಾಗಿರುವವು: ಹೆಚ್ಚಿನ ತೊಡಕು ಇಲ್ಲಿದೆ. ಇಂಗ್ಲಿಷಿನಲ್ಲಿ ಕೈ ಕೊಡುವುದೆಂದರೆ ಸಹಾಯ ಮಾಡುವುದು. ಕನ್ನಡದಲ್ಲಿ 'ಕೈ ಕೊಟ್ಟ' ಎಂದರೆ ನಂಬಿದವರನ್ನು ನಡುನೀರಿನಲ್ಲಿ ಬಿಟ್ಟ. ಇಂಗ್ಲಿಷಿನಲ್ಲಿ ಕಾಲೆಳೆಯುವುದು ವಿನೋದ. ಕನ್ನಡದಲ್ಲಿ ಅದು ಏಳುವವನನ್ನು ಬೀಳಿಸುವುದು. ಇತ್ತೀಚಿನ ಕನ್ನಡದಲ್ಲಿ ಕಾಲೆಳೆಯುವುದಕ್ಕೆ ತಮಾಷೆಯ ಅರ್ಥವೂ ಸೇರಿರುವುದು ಇಂಗ್ಲಿಷಿನ ಪ್ರಭಾವ. ನೀರಿನಿಂದ ತೆಗೆದ ಮೀನು ಎರಡೂ ಭಾಷೆಗಳಲ್ಲಿ ಇದೆ. ಆದರೆ ಇಂಗ್ಲಿಷಿನ ಮೀನು ಅಪರಿಚಿತ ಪರಿಸರದಲ್ಲಿ ಮುಜುಗರಪಡುತ್ತದೆ, ಕನ್ನಡದ ಮೀನು ಪ್ರಾಣಸಂಕಟದಿಂದ ಒದ್ದಾಡುತ್ತದೆ. ಹೊಸ ಕಚೇರಿಯಲ್ಲಿ ಮೊದಲ ದಿನ ಕುಳಿತವನಿಗೆ ಇಂಗ್ಲಿಷ್ ಮೀನು ಹೊಂದುತ್ತದೆ, ಕನ್ನಡ ಮೀನು ಅತಿಯಾಗುತ್ತದೆ.

ಈ) ಸಮಾನ ರೂಪವಿಲ್ಲದವು: 'ಬ್ರೇಕ್ ದ ಐಸ್' ಎಂದರೆ ಅಪರಿಚಿತರ ನಡುವಿನ ಬಿಗಿಯನ್ನು ಸಡಿಲಿಸು. ಹೊಳೆ ಹೆಪ್ಪುಗಟ್ಟದ ನಾಡಿನಲ್ಲಿ ಈ ಚಿತ್ರಕ್ಕೆ ನೆಲೆಯಿಲ್ಲ. 'ಅಂಡರ್ ದ ವೆದರ್' ಎಂಬುದಕ್ಕೆ 'ಮೈಯಲ್ಲಿ ಹುಷಾರಿಲ್ಲ' ಎಂಬ ಸರಳ ಮಾತೇ ಸಾಕು. ಇಂಥಲ್ಲಿ ನುಡಿಗಟ್ಟಿಗೆ ನುಡಿಗಟ್ಟನ್ನೇ ಹುಡುಕುವ ಹಟ ಬೇಡ.

6. ಸಂದರ್ಭ ಮತ್ತು ಔಚಿತ್ಯ

ಅರ್ಥ ತಿಳಿದ ಮಾತ್ರಕ್ಕೆ ಬಳಕೆ ತಿಳಿದಂತಾಗಲಿಲ್ಲ. ಪಟ್ಟಿಯಲ್ಲಿ 'ಕಿಕ್ ದ ಬಕೆಟ್' ಎಂಬುದರ ಎದುರು 'ಸಾಯು' ಎಂದಷ್ಟೇ ಇರುತ್ತದೆ. ಅದನ್ನು ನಂಬಿ ಮೇಲಧಿಕಾರಿಯ ತಂದೆಯ ಮರಣಕ್ಕೆ ಸಂತಾಪಪತ್ರ ಬರೆಯುವವನು ಈ ಮಾತನ್ನು ಬಳಸಿದರೆ ಪರಿಣಾಮ ಊಹಿಸಬಹುದು. ಕನ್ನಡದಲ್ಲಿ 'ಗೊಟಕ್ ಎಂದ', 'ತೀರಿಕೊಂಡರು', 'ಕಾಲವಾದರು', 'ದೈವಾಧೀನರಾದರು', 'ಲಿಂಗೈಕ್ಯರಾದರು' ಎಂಬವುಗಳ ನಡುವಣ ಅಂತರ ಯಾವ ಕನ್ನಡಿಗನಿಗೂ ಗೊತ್ತು. ಹಿರಿಯರ ವಿಷಯದಲ್ಲಿ ಮೊದಲನೆಯದನ್ನು ಯಾರೂ ಬಳಸರು. 'ಕಿಕ್ ದ ಬಕೆಟ್' ಈ ಶ್ರೇಣಿಯ ಮೊದಲ ಮಾತಿನ ಜೊತೆಗಾರ, 'ಪಾಸ್ ಅವೇ' ಎಂಬುದು 'ತೀರಿಕೊಂಡರು' ಎಂಬುದರ ಜೊತೆಗಾರ ಎಂದು ತಿಳಿಸಿದರೆ ಬೇರೆ ವಿವರಣೆ ಬೇಕಾಗುವುದಿಲ್ಲ. ಪರಭಾಷೆಯ ಔಚಿತ್ಯವನ್ನು ಕಲಿಸಲು ಸ್ವಭಾಷೆಯ ಔಚಿತ್ಯಪ್ರಜ್ಞೆಗಿಂತ ಉತ್ತಮ ಸಾಧನವಿಲ್ಲ.

ಕಾಲದ ವ್ಯತ್ಯಾಸವೂ ಮುಖ್ಯ. ಜೋರು ಮಳೆಗೆ 'ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ಎಂಬುದು ಭಾರತದ ಶಾಲಾ ವ್ಯಾಕರಣಗಳಲ್ಲಿ ತಪ್ಪದೆ ಕಾಣುವ ನುಡಿಗಟ್ಟು. ಇಂಗ್ಲಿಷ್ ಮಾತೃಭಾಷಿಕರ ಇಂದಿನ ಮಾತಿನಲ್ಲಿ ಅದು ಹಳೆಯದೆನಿಸುತ್ತದೆ. ಇನ್ನು ಕಚೇರಿಯ ಅರ್ಜಿಗಳಲ್ಲಿ, ವರದಿಗಳಲ್ಲಿ ನುಡಿಗಟ್ಟುಗಳನ್ನು ತುಂಬುವುದರಿಂದ ಭಾಷಾಪ್ರೌಢಿಮೆ ತೋರುತ್ತದೆಂಬ ನಂಬಿಕೆ ಸರಿಯಲ್ಲ. ಅಂಥ ಬರಹಕ್ಕೆ ಸ್ಪಷ್ಟತೆಯೇ ಭೂಷಣ. ಅನೇಕ ನುಡಿಗಟ್ಟುಗಳ ವಿಷಯದಲ್ಲಿ ಕೇಳಿದಾಗ ಅರಿಯುವುದು ಅಗತ್ಯ, ತಾನು ಆಡುವುದು ಐಚ್ಛಿಕ.

7. ಕನ್ನಡದೊಳಗೆ ಇಂಗ್ಲಿಷ್ ಅಚ್ಚು

ನುಡಿಗಟ್ಟುಗಳ ಸಂಚಾರ ತರಗತಿಗೆ ಸೀಮಿತವಲ್ಲ. ಪತ್ರಿಕೆ, ಆಡಳಿತ ಮತ್ತು ಅನುವಾದಗಳ ಮೂಲಕ ಇಂಗ್ಲಿಷ್ ನುಡಿಗಟ್ಟುಗಳು ಕನ್ನಡ ಪದಗಳನ್ನು ತೊಟ್ಟು ಕನ್ನಡದೊಳಕ್ಕೆ ಬಂದಿವೆ. 'ಬೆಳಕು ಚೆಲ್ಲು', 'ಹಸಿರು ನಿಶಾನೆ', 'ಪಾತ್ರ ವಹಿಸು', 'ಕಪ್ಪುಪಟ್ಟಿ', 'ಶೀತಲ ಸಮರ' ಇವು ಇಂದು ಪರಕೀಯವೆನಿಸುವುದಿಲ್ಲ. ಅಚ್ಚಿನ ಚಿತ್ರ ಕನ್ನಡಿಗನ ಅನುಭವಕ್ಕೆ ನಿಲುಕಿದುದರಿಂದ ಇವು ಉಳಿದವು. ರೈಲು ಬಂದ ಊರಿನಲ್ಲಿ ಹಸಿರು ನಿಶಾನೆಗೆ ಟೀಕೆ ಬೇಕಾಗಿಲ್ಲ. ಆದರೆ ಹೊಸ ಬಾಳನ್ನು ಆರಂಭಿಸುವುದಕ್ಕೆ 'ಹೊಸ ಎಲೆ ತಿರುಗಿಸಿದ' ಎಂದು ಬರೆದರೆ ಯಾವ ಮರದ ಎಲೆ ಎಂದು ಓದುಗ ಕೇಳಬೇಕಾಗುತ್ತದೆ. ಇಂಗ್ಲಿಷಿನ 'ಲೀಫ್' ಇಲ್ಲಿ ಪುಸ್ತಕದ ಹಾಳೆ. ದುಬಾರಿಯಾದ, ಪ್ರಯೋಜನವಿಲ್ಲದ ಆಸ್ತಿಯನ್ನು 'ಬಿಳಿಯಾನೆ' ಎನ್ನುವುದು ರೂಢಿಗೆ ಬಂದಿದ್ದರೂ ಐರಾವತದ ನಾಡಿನಲ್ಲಿ ಬಿಳಿಯ ಆನೆ ಮಂಗಳಕರವಾದುದು. 'ಆನೆ ಸಾಕಿದಂತೆ' ಎಂಬ ಮಾತು ಖರ್ಚಿನ ಭಾರವನ್ನು ಬಣ್ಣದ ಗೊಂದಲವಿಲ್ಲದೆ ಹೇಳುತ್ತದೆ.

ಭಾಷೆಗಳ ಬೆರಕೆಯಲ್ಲಿ ಯಾವುದು ಹೊಂದುತ್ತದೆ, ಯಾವುದು ಹೊಂದದು ಎಂಬ ವಿಚಾರ ಕನ್ನಡಕ್ಕೆ ಹೊಸತಲ್ಲ. 9ನೆಯ ಶತಮಾನದ 'ಕವಿರಾಜಮಾರ್ಗ' ಸಂಸ್ಕೃತ ಮತ್ತು ಕನ್ನಡ ಪದಗಳ ಉಚಿತಾನುಚಿತ ಮಿಶ್ರಣವನ್ನು ಚರ್ಚಿಸಿದೆ. ಇಂಗ್ಲಿಷಿನ ಸಂದರ್ಭದಲ್ಲಿ 1946ರ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು, 1991ರಿಂದ 'ಪ್ರಜಾವಾಣಿ'ಯಲ್ಲಿ ಪ್ರಕಟವಾದ ಜಿ. ವೆಂಕಟಸುಬ್ಬಯ್ಯನವರ 'ಇಗೋ ಕನ್ನಡ' ಅಂಕಣ ಈ ವಿವೇಚನೆಯನ್ನು ಜನಸಾಮಾನ್ಯರ ಬಳಿಗೆ ಒಯ್ದವು.

ಈ ಸಂಚಾರ ಒಮ್ಮುಖವೂ ಅಲ್ಲ. ಬುದ್ಧಿ ಕೆಟ್ಟಿತೆಂಬ ಅರ್ಥದ 'ಗೋ ಡುಲ್ಯಾಲಿ' ಎಂಬ ಬ್ರಿಟಿಷ್ ನುಡಿಗಟ್ಟು ಮಹಾರಾಷ್ಟ್ರದ ದೇವಳಾಲಿ ಸೈನಿಕ ಶಿಬಿರದ ಹೆಸರಿನಿಂದ ಹುಟ್ಟಿದ್ದು. ಬೇತಮಂಗಲಕ್ಕೆ ಸಮೀಪದಲ್ಲಿಯೇ ವಿರುದ್ಧ ದಿಕ್ಕಿನ ಉದಾಹರಣೆಯಿದೆ. ಮೈಸೂರಿನ ಕಮಿಷನರ್ ಆಗಿದ್ದ ಎಲ್.ಬಿ. ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆ ಇಂದು ಬಂಗಾರಪೇಟೆ. ಹೆಸರಿನ ಧ್ವನಿ ಸ್ವಲ್ಪ ಸರಿದು, ಚಿನ್ನದ ಸೀಮೆಗೆ ತಕ್ಕ ಅರ್ಥ ಬಂದು ಕೂಡಿಕೊಂಡಿತು. ಅನ್ಯಭಾಷೆಯ ಮಾತನ್ನು ಜನಸಮುದಾಯ ಜೀರ್ಣಿಸಿಕೊಳ್ಳುವುದು ತನ್ನ ಬದುಕಿನ ಚಿತ್ರದೊಂದಿಗೆ ಅದನ್ನು ಹೊಂದಿಸಿಕೊಂಡು ಎಂಬುದನ್ನು ಈ ಒಂದು ಹೆಸರೇ ತೋರಿಸುತ್ತದೆ.

8. ಬೋಧನೆಗೆ ಕೆಲವು ಸೂಚನೆಗಳು

ಮೇಲಿನ ವಿವೇಚನೆಯಿಂದ ಬೋಧನಾಕ್ರಮಕ್ಕೆ ಕೆಲವು ಸೂಚನೆಗಳು ದೊರೆಯುತ್ತವೆ. ಮೊದಲನೆಯದಾಗಿ, ನುಡಿಗಟ್ಟುಗಳನ್ನು ಅಕಾರಾದಿಯಾಗಿ ಕೊಡದೆ ಕಡಲು, ಗಣಿ, ಆಟ, ಅಡುಗೆ, ದೇಹ ಎಂಬಂತೆ ಮೂಲಕ್ಷೇತ್ರಗಳ ಪ್ರಕಾರ ಗುಂಪು ಮಾಡಬೇಕು. ಎರಡನೆಯದಾಗಿ, ಅರ್ಥ ಹೇಳುವ ಮೊದಲು ಚಿತ್ರವನ್ನು ಬಿಡಿಸಬೇಕು. ಮೂರನೆಯದಾಗಿ, ಅದೇ ಸಂದರ್ಭದಲ್ಲಿ ಮನೆಯಲ್ಲಿ ಏನೆನ್ನುವರೆಂದು ವಿದ್ಯಾರ್ಥಿಗಳನ್ನು ಕೇಳಬೇಕು. ಉತ್ತರ ಕನ್ನಡದಲ್ಲಿ, ತೆಲುಗಿನಲ್ಲಿ, ತಮಿಳಿನಲ್ಲಿ ಬಂದರೂ ಸ್ವೀಕರಿಸಿ ಹೋಲಿಸಬೇಕು. ಗಡಿನಾಡಿನ ತರಗತಿಯ ಬಹುಭಾಷಿಕತೆ ಇಲ್ಲಿ ಬಂಡವಾಳ. ನಾಲ್ಕನೆಯದಾಗಿ, ಯಾರು ಯಾರಿಗೆ ಯಾವಾಗ ಈ ಮಾತನ್ನು ಆಡಬಹುದು, ಯಾವಾಗ ಆಡಬಾರದು ಎಂಬುದನ್ನು ವಾಕ್ಯಗಳ ಮೂಲಕ ತೋರಿಸಬೇಕು. ಕೊನೆಯದಾಗಿ, ಪರೀಕ್ಷೆಯಲ್ಲಿ ಅರ್ಥವನ್ನು ಕೇಳುವ ಬದಲು ಸಂದರ್ಭವನ್ನು ಕೊಟ್ಟು ತಕ್ಕ ಮಾತನ್ನು ಆರಿಸಲು ಕೇಳಬೇಕು. ಹೀಗೆ ಮಾಡಿದಲ್ಲಿ ಇಂಗ್ಲಿಷಿನ ತರಗತಿಯೇ ಕನ್ನಡ ನುಡಿಗಟ್ಟುಗಳ ಸಂಗ್ರಹಕಾರ್ಯವೂ ಆಗುತ್ತದೆ; ಇಲ್ಲವಾದಲ್ಲಿ ವಿದ್ಯಾರ್ಥಿ ಒಂದನ್ನು ಅರೆಬರೆ ಕಲಿತು ಇನ್ನೊಂದನ್ನು ಮರೆಯುತ್ತಾನೆ.

9. ಸಮಾರೋಪ

ಇದ್ದಲ್ಲಿಗೇ ಇದ್ದುದನ್ನು ಹೊತ್ತೊಯ್ಯುವ ವ್ಯರ್ಥ ಶ್ರಮಕ್ಕೆ ಇಂಗ್ಲಿಷಿನಲ್ಲಿ 'ಕ್ಯಾರಿ ಕೋಲ್ಸ್ ಟು ನ್ಯೂಕ್ಯಾಸಲ್' ಎನ್ನುತ್ತಾರೆ. ನ್ಯೂಕ್ಯಾಸಲ್ ಕಲ್ಲಿದ್ದಲಿನ ಊರು. ಆ ಭಾಗದ ಕೊನೆಯ ಆಳಗಣಿಯಾದ ಎಲಿಂಗ್‌ಟನ್ 2005ರಲ್ಲಿ ಮುಚ್ಚಿತು. ನುಡಿಗಟ್ಟು ಮಾತ್ರ ಇಂದಿಗೂ ಚಲಾವಣೆಯಲ್ಲಿದೆ. ಬೇತಮಂಗಲದ ತರಗತಿಯಲ್ಲಿ ಇದನ್ನು 'ಮಾರಿಕುಪ್ಪಕ್ಕೆ ಚಿನ್ನ ಹೊತ್ತಂತೆ' ಎಂದು ವಿವರಿಸಿದರೆ ವಿದ್ಯಾರ್ಥಿಗೆ ಒಡನೆ ಅರ್ಥವಾಗುತ್ತದೆ, ಅಲ್ಲಿನ ಗಣಿಯೂ ಮುಚ್ಚಿ ವರ್ಷಗಳಾದವೆಂಬುದು ಅವನಿಗೆ ತಿಳಿದಿದ್ದರೂ. ಕಸುಬು ನಿಂತ ಮೇಲೂ ಕಸುಬಿನ ಮಾತು ಬಾಳುತ್ತದೆ. ಆದರೆ ಅದನ್ನು ಆಡುವವರು ಇರುವವರೆಗೆ ಮಾತ್ರ. ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನವನ್ನು ಹೊರತೆಗೆದ ಪ್ರದೇಶದಲ್ಲಿ ಶಾಫ್ಟು, ಪಾಳಿ, ಬಂಡೆಸಿಡಿತ, ಸೈನೈಡ್ ದಿಬ್ಬಗಳ ಸುತ್ತ ಬೆಳೆದ ಮಾತುಗಳು ಹಿರಿಯ ಕಾರ್ಮಿಕರ ನಾಲಗೆಯಲ್ಲಿವೆ. ಇಂಗ್ಲಿಷ್ ನುಡಿಗಟ್ಟುಗಳನ್ನು ಸರಿಯಾಗಿ ಕಲಿಸುವ ಕೆಲಸ ಮತ್ತು ಈ ಮಾತುಗಳನ್ನು ದಾಖಲಿಸುವ ಕೆಲಸ ಬೇರೆ ಬೇರೆಯಲ್ಲ. ಎರಡಕ್ಕೂ ಬೇಕಾದುದು ಮಾತಿನ ಹಿಂದಿನ ಬದುಕನ್ನು ಕಾಣುವ ದೃಷ್ಟಿ. ಈ ನಿಟ್ಟಿನಲ್ಲಿ ಬೇತಮಂಗಲ, ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆಗಳ ಶಾಲಾಕಾಲೇಜುಗಳ ಭಾಷಾ ಅಧ್ಯಾಪಕರು ಒಟ್ಟಾಗಿ ಕ್ಷೇತ್ರಕಾರ್ಯ ಕೈಗೊಂಡರೆ ಗಣಿ ಪ್ರದೇಶದ ಬಹುಭಾಷಾ ನುಡಿಗಟ್ಟುಗಳ ಕೋಶವೊಂದು ಸಿದ್ಧವಾಗಲು ಸಾಧ್ಯ. ಆ ಹಿರಿಯ ತಲೆಮಾರು ಇರುವಾಗಲೇ ಅದು ನಡೆಯಬೇಕಾಗಿದೆ.